ಚಾಚಿದ ಕಾಲಿನ ಬಲ

ಸುಗ್ಗಿ ಮುಗಿದು ಕಣಗಳು ಬರಿದಾಗಿ, ಗದ್ದೆಯ ಬಯಲುಗಳಲ್ಲಿ ಕೂಳೆ ಮಾತ್ರ ಉಳಿದಿರುವ ದಿನಗಳಲ್ಲಿ, ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಸೀಮೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳು ಏರ್ಪಡುತ್ತವೆ. ಆ ಅಂಕಣದ ಮೇಲೆ ಒಂದು ರಾತ್ರಿಯಲ್ಲಿ ನಡೆಯುವ ಅಸಂಖ್ಯ ಚಲನೆಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಸಾವಧಾನವಾಗಿ ಪರಿಶೀಲಿಸಿದರೂ ಸಾಕು, ಕ್ರೀಡಾಪಟುವಿನ ದೇಹವನ್ನು ಕುರಿತು ತಿಳಿಯತಕ್ಕ ಸಂಗತಿಗಳಲ್ಲಿ ಬಹುಭಾಗ ಅದರೊಳಗೇ ಅಡಗಿರುವುದು ಗೋಚರವಾಗುತ್ತದೆ. ದಾಳಿಗಾರನು ‘ಕಬಡ್ಡಿ ಕಬಡ್ಡಿ’ ಎನ್ನುತ್ತ, 30 ಸೆಕೆಂಡುಗಳ ಅವಧಿಯೊಳಗೆ ಎದುರಾಳಿಯ ಪಾಳೆಯವನ್ನು ಹೊಕ್ಕು, ಮೂಲೆಯಲ್ಲಿ ಬಾಗಿ ನಿಂತಿರುವ ರಕ್ಷಕನ ಕಡೆಗೆ ಒಂದು ಕಾಲನ್ನು, ನೆಲವನ್ನು ಬಿಟ್ಟೂ ಬಿಡದಂತೆ, ಎಷ್ಟು ಚಾಚಲು ಸಾಧ್ಯವೋ ಅಷ್ಟನ್ನೂ ಚಾಚಿ, ಬೆರಳ ತುದಿಯಿಂದ ಅವನನ್ನು ಮುಟ್ಟುತ್ತಾನೆ. ಮುಟ್ಟಿದೊಡನೆಯೇ ರಕ್ಷಕನು ಆ ಹರಡನ್ನು ಎರಡು ಕೈಗಳಿಂದಲೂ ಅವುಚಿ ಹಿಡಿಯುತ್ತಾನೆ. ಅಲ್ಲಿಯವರೆಗೆ ನಮ್ಯತೆಯ ಕಾರ್ಯವಾಗಿದ್ದುದು ಆ ಕ್ಷಣದಿಂದ ಬಲದ ಕಾರ್ಯವಾಗುತ್ತದೆ. ಪೂರ್ಣವಾಗಿ ಹಿಗ್ಗಿರುವ ತೊಡೆಯ ಹಿಂಬದಿಯ ಮಾಂಸಖಂಡವೇ ಈಗ ಇನ್ನೊಬ್ಬ ಮನುಷ್ಯನ ಭಾರವನ್ನು ಎಳೆದುಕೊಂಡು ದೇಹವನ್ನು ನಡುಗೆರೆಯ ಕಡೆಗೆ ಒಯ್ಯಬೇಕು. ಕಾಲು ಒಂದೇ, ಮಾಂಸಖಂಡ ಒಂದೇ, ಕಾಲವೂ ಬಹುಮಟ್ಟಿಗೆ ಒಂದೇ.

ಆದರೆ ಬಲವನ್ನೂ ನಮ್ಯತೆಯನ್ನೂ ಎರಡು ಬೇರೆ ಬೇರೆ ಗುಣಗಳೆಂದೂ, ಒಂದನ್ನು ಹೆಚ್ಚಿಸಿಕೊಂಡರೆ ಮತ್ತೊಂದು ಕುಗ್ಗುವುದೆಂದೂ ಭಾವಿಸುವ ವಾಡಿಕೆ ನಮ್ಮಲ್ಲಿ ಇನ್ನೂ ಬಲವಾಗಿದೆ. ಭಾರವೆತ್ತಿದರೆ ಮೈ ಗಡುಸಾಗಿ ಬಾಗದಂತಾಗುವುದೆಂಬ ಭಯದಿಂದ ಓಟಗಾರನು ಕಬ್ಬಿಣವನ್ನು ಮುಟ್ಟುವುದಿಲ್ಲ; ಮೈ ಬಾಗಿಸುವುದು ಯೋಗಶಾಲೆಯವರ ಕೆಲಸವೆಂದು ಬಗೆದು, ಜಿಮ್ಮಿಗೆ ಹೋಗುವ ಯುವಕನು ಅದನ್ನು ಕೈಬಿಡುತ್ತಾನೆ. ಇದರ ಫಲವಾಗಿ, ದೂರಕ್ಕೆ ಚಾಚಬಲ್ಲ ಆದರೆ ಚಾಚಿದೆಡೆಯಲ್ಲಿ ಸೆಣಸಲಾರದ ಕಾಲುಗಳನ್ನೂ, ಸೆಣಸಬಲ್ಲ ಆದರೆ ತಲುಪಬೇಕಾದೆಡೆಗೆ ತಲುಪಲಾರದ ಕಾಲುಗಳನ್ನೂ ನಮ್ಮ ಅಂಕಣಗಳಲ್ಲಿ ಕಾಣುತ್ತೇವೆ. ನಾನು ಇಲ್ಲಿ ಪ್ರತಿಪಾದಿಸಬಯಸುವುದು ಇಷ್ಟು: ಮಾಂಸಖಂಡವನ್ನು ಅದರ ಪೂರ್ಣ ನೀಳದಲ್ಲಿ, ಭಾರವನ್ನು ಹೊರಿಸಿ, ನಿಧಾನವಾಗಿ ದುಡಿಸಿದರೆ ಬಲವೂ ನಮ್ಯತೆಯೂ ಒಂದೇ ಅಭ್ಯಾಸದಿಂದ ಒದಗುತ್ತವೆ, ಮತ್ತು ಈ ವಿದ್ಯೆಯನ್ನು ಅರಸಿಕೊಂಡು ಮಂಡ್ಯದ ಹುಡುಗನು ಬಹುದೂರ ಹೋಗಬೇಕಾದುದಿಲ್ಲ, ಏಕೆಂದರೆ ಅವನ ಅಜ್ಜಂದಿರು ಸಾಮು ತೆಗೆದ ಗರಡಿಯಲ್ಲಿಯೇ ಅದು ಇದ್ದಿತು.

1939ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಮಂಡ್ಯವು ಮೈಸೂರು ಜಿಲ್ಲೆಯ ಒಂದು ಭಾಗವೇ ಆಗಿದ್ದುದರಿಂದ, ಅರಮನೆಯ ಆಶ್ರಯದಲ್ಲಿ ಬೆಳೆದ ಮಲ್ಲವಿದ್ಯೆಯ ಸಂಸ್ಕಾರ ಶ್ರೀರಂಗಪಟ್ಟಣಕ್ಕೂ ಅದರ ಸುತ್ತಣ ಊರುಗಳಿಗೂ ಸಹಜವಾಗಿಯೇ ಹರಡಿತ್ತು. ಈ ಸೀಮೆಯ ಗರಡಿಮನೆಯನ್ನು ಕಂಡವರಿಗೆ ಅದರ ರಚನೆ ನೆನಪಿರುತ್ತದೆ: ಬಗ್ಗಿಯೇ ಒಳಹೋಗಬೇಕಾದ ಕಿರುಬಾಗಿಲು, ಮಂದವಾದ ಬೆಳಕು, ಗೋಡೆಯಲ್ಲಿ ಆಂಜನೇಯನ ಪಟ, ನಡುವೆ ಕೆಮ್ಮಣ್ಣನ್ನು ಹದಮಾಡಿ ಎಣ್ಣೆ ಅರಿಸಿನಗಳನ್ನು ಬೆರೆಸಿದ ಮಟ್ಟಿ, ಒಂದು ಮೂಲೆಯಲ್ಲಿ ಗದೆಗಳು ಮತ್ತು ಕಲ್ಲಿನ ಭಾರಗಳು. ದಸರಾ ಸಮಯದಲ್ಲಿ ಜೋಡಿ ಕಟ್ಟುವ ದಿನ ಹತ್ತಿರವಾದಂತೆ ಅಲ್ಲಿ ಸಾಮು ಬಿರುಸಾಗುತ್ತಿತ್ತು. ಈಗ ಎಷ್ಟೋ ಗರಡಿಗಳು ಬೀಗ ಹಾಕಿಕೊಂಡಿವೆ. ಉಳಿದವುಗಳಲ್ಲಿ ಕೆಲವಕ್ಕೆ ಹೊಸ ಹುಡುಗರು ಬರುತ್ತಿಲ್ಲ. ಇದು ಕೇವಲ ಒಂದು ಹಳೆಯ ಆಚಾರದ ಅವಸಾನವಾಗಿದ್ದರೆ ಅಷ್ಟು ವ್ಯಸನಪಡಬೇಕಾದುದಿಲ್ಲ. ಗರಡಿಯೊಡನೆ ಒಂದು ವ್ಯಾಯಾಮಕ್ರಮವೂ ಮರೆಯಾಗುತ್ತಿದೆಯೆಂಬುದೇ ನನ್ನ ಚಿಂತೆಗೆ ಕಾರಣ.

ಆ ಕ್ರಮದ ಮುಖ್ಯ ಅಂಗಗಳು ದಂಡ ಮತ್ತು ಬಸ್ಕಿ. ದಂಡವನ್ನು ಜಿಮ್ಮಿನಲ್ಲಿ ಈಗ ಪ್ರಚಾರದಲ್ಲಿರುವ ಪುಷ್ ಅಪ್ ಎಂಬ ವ್ಯಾಯಾಮದೊಡನೆ ಒಂದೆಂದು ಎಣಿಸುವುದು ಸರಿಯಲ್ಲ. ಪುಷ್ ಅಪ್‌ನಲ್ಲಿ ದೇಹವು ಹಲಗೆಯಷ್ಟು ನೇರವಾಗಿದ್ದುಕೊಂಡು ಮೇಲೆ ಕೆಳಗೆ ಸರಿಯುತ್ತದೆ; ದಂಡದಲ್ಲಿಯಾದರೋ ಇಡೀ ದೇಹವು ಒಂದು ಕಮಾನಿನಿಂದ ಅದಕ್ಕೆ ವಿರುದ್ಧವಾದ ಮತ್ತೊಂದು ಕಮಾನಿಗೆ ಹರಿಯುತ್ತದೆ. ಕೈಕಾಲುಗಳನ್ನು ನೆಲಕ್ಕೂರಿ, ಟೊಂಕವನ್ನು ಮೇಲೆತ್ತಿ, ತಲೆಯನ್ನು ತೋಳುಗಳ ನಡುವೆ ಇಳಿಬಿಟ್ಟಾಗ ಮೀನಖಂಡಗಳೂ ತೊಡೆಯ ಹಿಂಬದಿಯೂ ಭುಜಗಳೂ ಹಿಗ್ಗುತ್ತವೆ. ಅಲ್ಲಿಂದ ಮೊಣಕೈಗಳನ್ನು ಮಡಿಸಿ, ಎದೆಯು ಮಟ್ಟಿಯ ಮಣ್ಣನ್ನು ಸವರುವಂತೆ ಮುಂದಕ್ಕೆ ಜಾರಿದಾಗ ರಟ್ಟೆ, ಎದೆ ಮತ್ತು ಹೆಗಲುಗಳು ದೇಹದ ಭಾರದ ಬಹುಭಾಗವನ್ನು ಹೊತ್ತು ದುಡಿಯುತ್ತವೆ. ಕಡೆಯಲ್ಲಿ ತೋಳುಗಳನ್ನು ನೇರಮಾಡಿ ಎದೆಯನ್ನೆತ್ತಿ ಬೆನ್ನನ್ನು ಬಾಗಿಸಿದಾಗ ಹೊಟ್ಟೆಯೂ ತೊಡೆಸಂದಿನ ಮುಂಭಾಗವೂ ಹಿಗ್ಗುತ್ತವೆ. ಹೀಗೆ ಒಂದು ದಂಡವು ಮುಗಿಯುವುದರೊಳಗೆ ದೇಹದ ಮುಂಬದಿ ಹಿಂಬದಿಗಳೆರಡೂ ಒಂದೊಂದು ಸಲ ಪೂರ್ಣವಾಗಿ ನೀಳಗೊಂಡಿರುತ್ತವೆ. ಅದೂ ಸುಮ್ಮನೆ ತೂಗಿಬಿಟ್ಟಲ್ಲ, ಭಾರವನ್ನು ಹೊತ್ತು. ಎದೆ ನೆಲಕ್ಕೆ ತಾಗದ ದಂಡವನ್ನು ಉಸ್ತಾದರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವೆಂಬುದರಲ್ಲಿ ಎಷ್ಟು ವಿವೇಕವಿತ್ತೆಂಬುದು ಮುಂದೆ ಶಾರೀರಶಾಸ್ತ್ರದ ವಿಚಾರಕ್ಕೆ ಬಂದಾಗ ಸ್ಪಷ್ಟವಾದೀತು. ಬಸ್ಕಿಯ ವಿಷಯವೂ ಇದೇ ಬಗೆಯದು. ಮಂಡಿಯನ್ನು ಪೂರ್ಣವಾಗಿ ಮಡಿಸಿ, ತೊಡೆಯು ಮೀನಖಂಡಕ್ಕೆ ತಗಲುವವರೆಗೆ ಕುಳಿತು ಏಳುವುದು ಬಸ್ಕಿ. ಅರ್ಧಕ್ಕೆ ಕುಳಿತು ಏಳುವುದು ಅರ್ಧದಷ್ಟು ಕೆಲಸ ಮಾತ್ರ.

ಈ ದೃಷ್ಟಿ ಗರಡಿಯಲ್ಲಿ ಅಕಸ್ಮಾತ್ತಾಗಿ ಹುಟ್ಟಿದುದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಮಲ್ಲರನ್ನು ವಯಸ್ಸು, ಗಾತ್ರ, ಶಕ್ತಿಗಳಿಗನುಸಾರವಾಗಿ ವಿಂಗಡಿಸಿ, ಅವರ ಆಹಾರವನ್ನೂ ಶ್ರಮವನ್ನೂ ನಿರೂಪಿಸುವ ಆ ಪ್ರಕರಣದಲ್ಲಿ ಭಾರವೆತ್ತುವ ಶ್ರಮದ ಜೊತೆಯಲ್ಲಿಯೇ ನೀರಿನಲ್ಲಿ ಈಜುವ ಶ್ರಮಕ್ಕೂ, ಕಂಬವನ್ನು ಆಶ್ರಯಿಸಿ ಮಾಡುವ ಶ್ರಮಕ್ಕೂ ಸ್ಥಾನವಿದೆ. ಭಾರವೊಂದರಿಂದಲೇ ಮಲ್ಲನಾಗುವುದಿಲ್ಲವೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಕನ್ನಡನಾಡಿನ ಅರಸನೊಬ್ಬನಿಗೆ ಇದ್ದಿತೆಂದಾಯಿತು. ಅಲ್ಲಿಂದ ಏಳು ಶತಮಾನಗಳು ಕಳೆದ ತರುವಾಯ, ಮುಮ್ಮಡಿ ಕೃಷ್ಣರಾಜ ಒಡೆಯರು ಸಿದ್ಧಪಡಿಸಿದ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳು ದೊರೆಯುತ್ತವೆ, ಅವುಗಳಲ್ಲಿ ಕುಳಿತು ಧ್ಯಾನಿಸತಕ್ಕ ಆಸನಗಳು ಮಾತ್ರವಲ್ಲದೆ, ಹಗ್ಗವನ್ನು ಹಿಡಿದು ಮಾಡುವ, ಗರಡಿಯ ಸಾಮಿನೊಡನೆ ನಂಟನ್ನು ತೋರುವ ಭಂಗಿಗಳೂ ಇವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯೊಂದು ಪ್ರಾರಂಭವಾಗಿ, ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ಅದರ ಅಧ್ಯಾಪಕರಾದರು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿಯೇ ಪ್ರಕಟವಾಯಿತು. ಒಂದು ಆಸನದಿಂದ ಮತ್ತೊಂದಕ್ಕೆ ಉಸಿರಿನ ಗತಿಯನ್ನನುಸರಿಸಿ, ನಡುನಡುವೆ ಕೈಗಳ ಮೇಲೆ ದೇಹವನ್ನು ಹೊತ್ತು ಸಾಗುವ ಅವರ ಬೋಧನಕ್ರಮದಲ್ಲಿ ಬಲವೆಲ್ಲಿ ಮುಗಿದು ನಮ್ಯತೆಯೆಲ್ಲಿ ತೊಡಗುವುದೆಂದು ಗೆರೆ ಎಳೆಯುವುದು ಕಷ್ಟ. ಅಲ್ಲಿ ಕಲಿತ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಹಾಸನ ಸೀಮೆಯ ಪಟ್ಟಾಭಿ ಜೋಯಿಸರೂ ಈ ವಿದ್ಯೆಯನ್ನು ಸಮುದ್ರದಾಚೆಗೆ ಒಯ್ದರು.

ಅದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಪ್ರಸಿದ್ಧವಾಗಿತ್ತು. ಕನ್ನಡಿಗರು ಅವರನ್ನು ‘ಶಾಂತಲಾ’ ಮತ್ತು ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಬಲ್ಲರು. ಆದರೆ ಕಬ್ಬಿಣದ ಗುಂಡುಗಳಿಂದ ಕಂಡರಿಸಿದ ಅವರ ಮೈಕಟ್ಟು ಆ ಕಾಲದಲ್ಲಿ ವಿದೇಶೀಯರ ಮೆಚ್ಚುಗೆಯನ್ನೂ ಗಳಿಸಿದ್ದಿತು. ಗಮನಿಸತಕ್ಕ ಸಂಗತಿಯೇನೆಂದರೆ, 1930ರಲ್ಲಿ ಮಾಂಸಖಂಡಗಳ ಬೆಳವಣಿಗೆಯನ್ನು ಕುರಿತು ಪುಸ್ತಕ ಬರೆದ ಅದೇ ಅಯ್ಯರ್ 1937ರಲ್ಲಿ ಸೂರ್ಯನಮಸ್ಕಾರವನ್ನು ಕುರಿತೂ ಪುಸ್ತಕ ಬರೆದರು. ಭಾರವೆತ್ತುವವನು ಬಾಗಲಾರನೆಂಬ ಮಾತನ್ನು ಅವರು ವಾದದಿಂದಲ್ಲ, ತಮ್ಮ ದೇಹದಿಂದಲೇ ಸುಳ್ಳುಮಾಡಿದರು. ನಮ್ಮ ಶಾಲೆಗಳ ದೈಹಿಕ ಶಿಕ್ಷಣದಲ್ಲಿ ಈ ಮಹನೀಯರ ಹೆಸರು ಕೇಳಿಬರುವುದು ಅಪರೂಪವಾಗಿರುವುದು ನನಗೆ ನೋವಿನ ವಿಷಯ.

ಭಾರವೆತ್ತಿದರೆ ಮೈ ಬಿಗಿದುಹೋಗುತ್ತದೆಂಬ ನಂಬಿಕೆ ನಮ್ಮ ನಾಡಿನದು ಮಾತ್ರವಲ್ಲ. ಪಾಶ್ಚಾತ್ಯ ದೇಶಗಳ ತರಬೇತುದಾರರೂ ಬಹುಕಾಲ ಅದನ್ನು ನಂಬಿ, ತಮ್ಮ ಓಟಗಾರರನ್ನೂ ಈಜುಗಾರರನ್ನೂ ಕಬ್ಬಿಣದಿಂದ ದೂರವಿಟ್ಟಿದ್ದರು. 1956ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು, ಕ್ರಮಬದ್ಧವಾದ ಭಾರದ ಅಭ್ಯಾಸದಿಂದ ಕೀಲುಗಳ ಚಲನವ್ಯಾಪ್ತಿ ಒಟ್ಟಿನಲ್ಲಿ ಕುಗ್ಗುವುದಿಲ್ಲವೆಂದು ತೋರಿಸಿತು. ಇತ್ತೀಚೆಗೆ ಇಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೀಲಿನ ಪೂರ್ಣ ವ್ಯಾಪ್ತಿಯಲ್ಲಿ ಮಾಡಿದ ಬಲದ ವ್ಯಾಯಾಮವು ನಮ್ಯತೆಯನ್ನು ಬೆಳೆಸುವುದರಲ್ಲಿ ಪ್ರತ್ಯೇಕವಾದ ಮೈ ಹಿಗ್ಗಿಸುವ ಅಭ್ಯಾಸಕ್ಕೆ ಹೆಚ್ಚುಕಡಿಮೆ ಸಮನಾಗಿಯೇ ನಿಲ್ಲುವುದೆಂದು ಕಂಡುಕೊಂಡಿದ್ದಾರೆ. ಮೈ ಬಿಗಿಯುವುದು ಭಾರದಿಂದಲ್ಲ; ಭಾರವನ್ನು ಅರ್ಧ ದಾರಿಯಲ್ಲಿ ಮಾತ್ರ ಸರಿಸುವುದರಿಂದ.

ಇದರ ಕಾರಣವನ್ನು ತಿಳಿಯಲು ಮಾಂಸಖಂಡದ ಒಳಗಣ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಮಾಂಸಖಂಡದ ಒಂದೊಂದು ತಂತುವೂ ಸಾರ್ಕೋಮಿಯರ್ ಎಂಬ ಅತಿಸೂಕ್ಷ್ಮ ಘಟಕಗಳ ಸಾಲು. ಇಂತಹ ಒಂದು ಘಟಕದ ಉದ್ದ ಮಿಲಿಮೀಟರಿನ ಸುಮಾರು 400ನೆಯ ಒಂದು ಭಾಗ. ಪ್ರತಿಯೊಂದು ಘಟಕದಲ್ಲಿಯೂ ಆಕ್ಟಿನ್ ಮತ್ತು ಮಯೋಸಿನ್ ಎಂಬ ಎರಡು ಬಗೆಯ ಪ್ರೋಟೀನು ಎಳೆಗಳು, ಎದುರುಬದುರಾಗಿ ಹಿಡಿದ ಎರಡು ಬಾಚಣಿಗೆಗಳ ಹಲ್ಲುಗಳಂತೆ, ಒಂದರ ಸಂದಿನಲ್ಲೊಂದು ಸೇರಿಕೊಂಡಿರುತ್ತವೆ. ಮಾಂಸಖಂಡವು ಸಂಕೋಚಗೊಳ್ಳುವುದೆಂದರೆ ಈ ಎಳೆಗಳು ಒಂದರ ಮೇಲೊಂದು ಜಾರುವುದೆಂಬ ಸಿದ್ಧಾಂತ 1954ರಲ್ಲಿ ಪ್ರಕಟವಾಗಿ ಇಂದಿಗೂ ನಿಂತಿದೆ. ಹಲ್ಲುಗಳು ತಕ್ಕಮಟ್ಟಿಗೆ ಹೆಣೆದುಕೊಂಡಿದ್ದಾಗ ಹಿಡಿತವು ಅತ್ಯಧಿಕ. ಮಾಂಸಖಂಡವನ್ನು ಬಹಳ ನೀಳಮಾಡಿದಾಗ ಹಲ್ಲುಗಳು ತುದಿಯಲ್ಲಿ ಮಾತ್ರ ತಾಗುವುದರಿಂದ ಹಿಡಿತವು ಕ್ಷೀಣ. ಆದಕಾರಣ ಪೂರ್ಣವಾಗಿ ಚಾಚಿದ ಕಾಲು ಸ್ವಭಾವತಃ ದುರ್ಬಲವಾದ ಕಾಲು. ದಾಳಿಗಾರನ ಹರಡನ್ನು ಹಿಡಿಯುವ ರಕ್ಷಕನು, ಅರಿತೋ ಅರಿಯದೆಯೋ, ಅವನ ಮಾಂಸಖಂಡವು ಅತ್ಯಂತ ನಿಸ್ಸಹಾಯವಾಗಿರುವ ನೀಳವನ್ನೇ ಕಾದಿರುತ್ತಾನೆ. ಓಟಗಾರರಲ್ಲಿಯೂ ತೊಡೆಯ ಹಿಂಬದಿಯ ಮಾಂಸಖಂಡವು ಹರಿಯುವುದು ಸಾಮಾನ್ಯವಾಗಿ ಕಾಲು ಮುಂದಕ್ಕೆ ಚಾಚಿ ಇನ್ನೇನು ನೆಲಕ್ಕೆ ತಗಲಬೇಕೆನ್ನುವ ಹಂತದಲ್ಲಿ.

ಆದರೆ ಈ ನೀಳವು ವಿಧಿಲಿಖಿತವಲ್ಲ. ಮಾಂಸಖಂಡವನ್ನು ಭಾರಸಹಿತವಾಗಿ, ಅದು ಹಿಗ್ಗುತ್ತಿರುವಾಗಲೇ ತಡೆಯುತ್ತ, ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಕೆಲವು ವಾರಗಳ ಕಾಲ ಮಾಡಿದರೆ ತಂತುಕಟ್ಟುಗಳ ಉದ್ದವೇ ಹೆಚ್ಚುವುದು ಅಲ್ಟ್ರಾಸೌಂಡ್ ಪರೀಕ್ಷೆಗಳಿಂದ ಕಂಡುಬಂದಿದೆ. ಕಟ್ಟು ಉದ್ದವಾಯಿತೆಂದರೆ, ಅಷ್ಟೇ ದೂರಕ್ಕೆ ಚಾಚುವಾಗ ಅದರೊಳಗಿನ ಒಂದೊಂದು ಘಟಕವೂ ಮೊದಲಿಗಿಂತ ಕಡಿಮೆ ಹಿಗ್ಗಿದರೆ ಸಾಕು. ಎಳೆಗಳ ಹಿಡಿತ ಇನ್ನೂ ಉಳಿದಿರುತ್ತದೆ. ಒಂದೇ ಅಭ್ಯಾಸವು ಕಾಲನ್ನು ದೂರಕ್ಕೂ ಒಯ್ಯುತ್ತದೆ, ಆ ದೂರದಲ್ಲಿ ಅದಕ್ಕೆ ಶಕ್ತಿಯನ್ನೂ ಕೊಡುತ್ತದೆ. ಎದೆಯನ್ನು ಮಣ್ಣಿನವರೆಗೆ ಇಳಿಸಬೇಕೆಂದು ಹಟ ಹಿಡಿದ ಉಸ್ತಾದರ ಮಾತಿಗೆ ಶಾಸ್ತ್ರದ ಸಮರ್ಥನೆ ಇದೇ.

ನರಮಂಡಲದ ಪಾತ್ರವೂ ಇಲ್ಲಿ ದೊಡ್ಡದು. ಮಾಂಸಖಂಡದೊಳಗೆ ಹುದುಗಿರುವ ಸೂಕ್ಷ್ಮ ಇಂದ್ರಿಯಗಳು ಅದು ಎಷ್ಟು ಹಿಗ್ಗಿದೆ, ಎಷ್ಟು ವೇಗವಾಗಿ ಹಿಗ್ಗುತ್ತಿದೆಯೆಂಬುದನ್ನು ಸದಾ ಬೆನ್ನುಹುರಿಗೆ ವರದಿ ಮಾಡುತ್ತಿರುತ್ತವೆ. ಥಟ್ಟನೆ ಎಳೆದರೆ ಮಾಂಸಖಂಡವು ತಾನಾಗಿಯೇ ಬಿಗಿದುಕೊಂಡು ಪ್ರತಿಭಟಿಸುತ್ತದೆ. ಜೋಲಿ ಹೊಡೆಯುತ್ತ ಕಾಲ್ಬೆರಳನ್ನು ಮುಟ್ಟಲು ಹೆಣಗುವವರು ತಮ್ಮ ನರಗಳೊಡನೆಯೇ ಜಗಳವಾಡುತ್ತಿರುತ್ತಾರೆ. ಕೆಲವು ವಾರಗಳ ಹಿಗ್ಗಿಸುವ ಅಭ್ಯಾಸದಿಂದ ಮೊದಮೊದಲು ದೊರೆಯುವ ನಮ್ಯತೆಯಲ್ಲಿ ಬಹುಪಾಲು, ಮಾಂಸಖಂಡವು ಬದಲಾದುದರಿಂದಲ್ಲ, ಆ ಎಳೆತವನ್ನು ನರಮಂಡಲವು ಸಹಿಸಲು ಕಲಿತುದರಿಂದ ಬಂದದ್ದು. ಸಹನೆ ಬಂದರೂ ಬಲ ಬರದಿದ್ದರೆ ಅಂತಹ ನಮ್ಯತೆ ಆಟದಲ್ಲಿ ಅಪಾಯಕ್ಕೇ ಕಾರಣವಾಗಬಹುದು. ಕೀಲುಗಳು ಹುಟ್ಟಿನಿಂದಲೇ ಸಡಿಲವಾಗಿರುವ ಮಕ್ಕಳಿಗೆ ಬೇಕಾದುದು ಇನ್ನಷ್ಟು ಬಾಗುವುದಲ್ಲ, ಬಾಗಿದ ಸ್ಥಳದಲ್ಲಿ ನಿಲ್ಲುವ ಶಕ್ತಿ.

ಮಂಡ್ಯ ಸೀಮೆಯ ಜನಪದ ಕಲೆಗಳಲ್ಲಿ ಈ ನಿಲ್ಲುವ ಶಕ್ತಿಯ ಸೊಗಸಾದ ನಿದರ್ಶನಗಳಿವೆ. ಪೂಜಾಕುಣಿತದವನು ಬಿದಿರಿನ ಚೌಕಟ್ಟಿಗೆ ದೇವಿಯ ಮುಖವನ್ನೂ ಬಣ್ಣಬಣ್ಣದ ಸೀರೆಗಳನ್ನೂ ಕಟ್ಟಿದ ಭಾರವಾದ ಪೂಜೆಯನ್ನು ತಲೆಯ ಮೇಲೆ ಹೊತ್ತು, ತಮಟೆಯ ಗತ್ತಿಗೆ ಹೆಜ್ಜೆಹಾಕುತ್ತ, ಕೈಬಿಟ್ಟು, ಕುಳಿತು, ಎದ್ದು, ತಿರುಗುತ್ತಾನೆ. ಅವನ ಕುತ್ತಿಗೆ, ಬೆನ್ನು, ಟೊಂಕ, ಹರಡುಗಳಲ್ಲಿ ಒಂದಾದರೂ ಗಡುಸಾಗಿದ್ದರೆ ಪೂಜೆ ಓಲಾಡುತ್ತದೆ. ಒಂದಾದರೂ ದುರ್ಬಲವಾಗಿದ್ದರೆ ಉರುಳುತ್ತದೆ. ಮಳವಳ್ಳಿಯಿಂದ ಮುಂದೆ ಕಾವೇರಿಯನ್ನು ದಾಟಿದರೆ ಕೊಳ್ಳೇಗಾಲದ ಸೀಮೆ. ಎರಡು ದಡಗಳಲ್ಲೂ ಮಲೆಯ ಮಹದೇಶ್ವರನ ದೇವರಗುಡ್ಡರ ಕಂಸಾಳೆ ಮೊಳಗುತ್ತದೆ. ಎಡಗೈಯ ಬಟ್ಟಲಿಗೆ ಬಲಗೈಯ ತಾಳವನ್ನು ಬೀಸಿ ಬಡಿಯುತ್ತ, ತಲೆಯ ಸುತ್ತ, ಬೆನ್ನ ಹಿಂದೆ, ಬಾಗಿದ ಮಂಡಿಯ ಕೆಳಗೆ ಆ ಕಂಚನ್ನು ಲಯತಪ್ಪದೆ ಆಡಿಸುವ ಬೀಸು ಕಂಸಾಳೆಯವರ ಭುಜಗಳನ್ನು ನೋಡಿದರೆ, ಭುಜದ ಕೀಲಿಗೆ ಇದಕ್ಕಿಂತ ಸಮಗ್ರವಾದ ಶಿಕ್ಷಣ ಉಂಟೇ ಎನಿಸುತ್ತದೆ. ಚೆಂಡನ್ನೋ ಭರ್ಜಿಯನ್ನೋ ಎಸೆಯುವ ಹುಡುಗರಿಗೆ ದೈಹಿಕ ಶಿಕ್ಷಕರು ಕಂಸಾಳೆಯನ್ನು ಕಲಿಸಿದರೆ ಅದು ಕಲೆಯ ಉಳಿವಿಗೂ ಆಟದ ಏಳಿಗೆಗೂ ನೆರವಾದೀತು.

ಬೇಸಾಯದ ದುಡಿಮೆಯೂ ದೇಹವನ್ನು ತಿದ್ದುತ್ತಿತ್ತೆಂಬುದು ನಿಜ. ಕನ್ನಂಬಾಡಿಯ ಕಟ್ಟೆಯಿಂದ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ, ಕಬ್ಬನ್ನು ಬುಡದಲ್ಲಿ ಬಾಗಿ ಕಡಿದು ಹೊರೆಕಟ್ಟಿ ಹೊರುವುದು ಈ ಸೀಮೆಯ ಮೈಗಳಿಗೆ ನಿತ್ಯದ ಸಾಮಾಯಿತು. ಆದರೆ ದುಡಿಮೆಯನ್ನು ತರಬೇತಿಯೆಂದು ಭ್ರಮಿಸಬಾರದು. ನಾಟಿಹಾಕುವ ಹೆಂಗಸು ದಿನವಿಡೀ ಒಂದೇ ಭಂಗಿಯಲ್ಲಿ ಬಾಗಿರುತ್ತಾಳೆ; ಅವಳ ಸೊಂಟಕ್ಕೆ ಬರುವುದು ಬಹುಮಟ್ಟಿಗೆ ನೋವೇ ಹೊರತು ಸಮತೂಕದ ಶಕ್ತಿಯಲ್ಲ. ಆ ಜೀವನದಿಂದ ನಾವು ಕಳೆದುಕೊಂಡಿರುವ ಒಂದು ಸಂಗತಿಗಾಗಿ ಮಾತ್ರ ನಾನು ನಿಜವಾಗಿ ಮರುಗುತ್ತೇನೆ. ಹಿಂದಿನವರು ಜಗಲಿಯ ಮೇಲೆ, ಹೊಲದ ಬದುವಿನಲ್ಲಿ, ಒಲೆಯ ಮುಂದೆ, ಹಿಮ್ಮಡಿಯನ್ನು ನೆಲಕ್ಕೂರಿ ಕುಕ್ಕುರುಗಾಲಿನಲ್ಲಿ ಎಷ್ಟು ಹೊತ್ತಾದರೂ ಕುಳಿತಿರುತ್ತಿದ್ದರು. ಈಗ ಮದ್ದೂರಿನಲ್ಲಿ ಮುಂಜಾನೆಯ ರೈಲನ್ನು ಹತ್ತಿ ಬೆಂಗಳೂರಿನ ಕೆಲಸಕ್ಕೆ ಹೋಗಿ ಕತ್ತಲಾದ ಮೇಲೆ ಹಿಂದಿರುಗುವ ಯುವಕನು, ರೈಲಿನಲ್ಲಿಯೂ ಕುರ್ಚಿಯಲ್ಲಿಯೂ ಮೋಟಾರು ಸೈಕಲ್ಲಿನ ಮೇಲೂ ಕುಳಿತೇ ದಿನವನ್ನು ಕಳೆದು, ಕುಕ್ಕುರುಗಾಲಿನಲ್ಲಿ ಕೂರಲೆತ್ನಿಸಿದರೆ ಹಿಂದಕ್ಕೆ ಬೀಳುತ್ತಾನೆ. ಹರಡು ಮಡಿಯದವನ ಬಸ್ಕಿಯಲ್ಲಿ ಬೆನ್ನು ಗೂನಾಗುತ್ತದೆ. ಅಂತಹ ಬೆನ್ನಿನ ಮೇಲೆ ಜಿಮ್ಮಿನ ಕಬ್ಬಿಣವನ್ನು ಹೊ­ರಿಸುವುದು ಎಷ್ಟುಮಾತ್ರಕ್ಕೂ ಕ್ಷೇಮವಲ್ಲ. ಇಂಥವರು ಮೊದಲು ಮಾಡತಕ್ಕದ್ದು, ಕಂಬವನ್ನೋ ಕಿಟಕಿಯ ಸರಳನ್ನೋ ಹಿಡಿದುಕೊಂಡು, ಹಿಮ್ಮಡಿಯೂರಿ ಕುಳಿತು, ದಿನಕ್ಕೆ ಕೆಲವು ನಿಮಿಷ ಹಾಗೆಯೇ ಇರುವುದನ್ನು ಅಭ್ಯಾಸಮಾಡುವುದು.

ಇನ್ನು ಆಟಗಾರನ ಅಭ್ಯಾಸಕ್ರಮದ ವಿಷಯ. ಅಂಕಣಕ್ಕೆ ಇಳಿಯುವ ಮುನ್ನ ಹುಡುಗರು ತಣ್ಣಗಿರುವ ಮೈಯನ್ನು ನಿಶ್ಚಲವಾಗಿ ಎಳೆದು ಹಿಡಿದುಕೊಂಡು ನಿಲ್ಲುವುದು ಎಲ್ಲೆಡೆಯೂ ಕಾಣುವ ದೃಶ್ಯ. ಒಂದೇ ಮಾಂಸಖಂಡವನ್ನು 60 ಸೆಕೆಂಡುಗಳಿಗಿಂತ ಹೆಚ್ಚು ಕಾಲ ಹೀಗೆ ಹಿಗ್ಗಿಸಿ ಹಿಡಿದರೆ ಅದರ ಬಲ ತಾತ್ಕಾಲಿಕವಾಗಿ ಕುಂದುವುದೆಂದು ಪ್ರಯೋಗಗಳು ತೋರಿಸಿವೆ. ಆಟಕ್ಕೆ ಮುಂಚೆ ಬೇಕಾದುದು ಚಲನೆ: ಮೆಲ್ಲಗೆ ಓಡುವುದು, ಕಾಲನ್ನು ಹಿಂದೆ ಮುಂದೆ ತೂಗುವುದು, ದೊಡ್ಡ ಹೆಜ್ಜೆಯಿಟ್ಟು ಮಂಡಿ ಬಗ್ಗಿಸಿ ಸಾಗುವುದು, ನಾಲ್ಕಾರು ನಿಧಾನವಾದ ದಂಡಗಳು, ಕಡೆಗೆ ಆಟದಲ್ಲಿ ಮಾಡತಕ್ಕ ಚಲನೆಗಳನ್ನೇ ಕ್ರಮಕ್ರಮವಾಗಿ ವೇಗವನ್ನು ಹೆಚ್ಚಿಸಿಕೊಂಡು ಮಾಡುವುದು. ನಿಶ್ಚಲವಾಗಿ ಹಿಗ್ಗಿಸುವ ಅಭ್ಯಾಸವನ್ನು ಆಟ ಮುಗಿದ ಮೇಲೆ, ಮೈ ಬೆಚ್ಚಗಿರುವಾಗ, ಒಂದೊಂದು ಭಂಗಿಯನ್ನೂ 30 ಸೆಕೆಂಡುಗಳಷ್ಟು ಹಿಡಿದು, ಎರಡು ಮೂರು ಸಲ ಮಾಡಿದರೆ ಒಳ್ಳೆಯದು.

ಬಲದ ಅಭ್ಯಾಸಕ್ಕೆ ವಾರದಲ್ಲಿ ಎರಡು ಅಥವಾ ಮೂರು ದಿನ ಸಾಕು. ಒಂದೇ ಅಂಗವನ್ನು ದಿನದಿನವೂ ದಣಿಸದೆ ನಡುವೆ ಒಂದು ದಿನವಾದರೂ ಬಿಡುವು ಕೊಡಬೇಕು, ಏಕೆಂದರೆ ಮಾಂಸಖಂಡವು ಬೆಳೆಯುವುದು ದುಡಿಯುವಾಗಲ್ಲ, ದುಡಿದ ಮೇಲೆ ಉಂಡು ನಿದ್ರಿಸುವಾಗ. ಉಣ್ಣುವ ವಿಷಯದಲ್ಲಿ ಈ ಸೀಮೆಯ ರಾಗಿ ಮುದ್ದೆ ಮತ್ತು ಹುರುಳಿ ಸಾರು ಅನಾದರಕ್ಕೆ ಅರ್ಹವಲ್ಲ. ಹುರುಳಿಯ ತೂಕದಲ್ಲಿ ಐದನೆಯ ಒಂದು ಭಾಗಕ್ಕೂ ಮಿಗಿಲಾಗಿ ಪ್ರೋಟೀನಿದೆ. ಹಳೆಯ ಗರಡಿಗಳಲ್ಲಿ ನಾನು ಒಪ್ಪದ ಒಂದು ಪದ್ಧತಿಯೆಂದರೆ ಸಂಖ್ಯೆಯ ವ್ಯಾಮೋಹ. ನೂರುಗಟ್ಟಲೆ, ಸಾವಿರಗಟ್ಟಲೆ ಬಸ್ಕಿ ಹೊಡೆಯುವುದರಿಂದ ದೀರ್ಘಶ್ರಮವನ್ನು ಸಹಿಸುವ ಶಕ್ತಿ ಬರುತ್ತದೆ, ಮಂಡಿಗಳು ಸವೆಯುವ ಭಯವೂ ಇರುತ್ತದೆ; ಆದರೆ ಎಳೆದಾಡುವ ಎದುರಾಳಿಯನ್ನು ಒಂದೇ ಕ್ಷಣದಲ್ಲಿ ಮಣಿಸುವ ಬಲಕ್ಕೆ ಬೇಕಾದುದು ಭಾರದ ಹೆಚ್ಚಳ, ಎಣಿಕೆಯ ಹೆಚ್ಚಳವಲ್ಲ. ಹನ್ನೆರಡು ಬಸ್ಕಿಗಳನ್ನು ಪೂರ್ಣ ಆಳಕ್ಕೆ, ಬೆನ್ನು ನೆಟ್ಟಗಿಟ್ಟು, ಇಳಿಯುವಾಗ ಮೂರು ಎಣಿಸಿ ಮಾಡಬಲ್ಲವನು ಹದಿಮೂರನೆಯದಕ್ಕೆ ಹೋಗುವ ಬದಲು, ಮರಳು ತುಂಬಿದ ಚೀಲವೊಂದನ್ನು ಎದೆಗವಚಿಕೊಂಡು ಮತ್ತೆ ಆರರಿಂದ ಪ್ರಾರಂಭಿಸಲಿ.

ದಾಳಿಗಾರನಿಗೂ ಓಟಗಾರನಿಗೂ ವಿಶೇಷವಾಗಿ ಸಲ್ಲುವ ಒಂದು ವ್ಯಾಯಾಮ ಉತ್ತರ ಯೂರೋಪಿನ ದೇಶಗಳಿಂದ ಪ್ರಚಾರಕ್ಕೆ ಬಂದಿದೆ. ನಾರ್ಡಿಕ್ ಎಂಬ ಹೆಸರೂ ಅಲ್ಲಿಂದಲೇ. ಅದಕ್ಕೆ ಯಾವ ಸಲಕರಣೆಯೂ ಬೇಡ, ಒಬ್ಬ ಗೆಳೆಯನಿದ್ದರೆ ಸಾಕು. ಮೆತ್ತನೆಯ ನೆಲದ ಮೇಲೆ ಮಂಡಿಯೂರಿ, ಗೆಳೆಯನು ಹಿಂದಿನಿಂದ ಎರಡೂ ಹರಡುಗಳನ್ನು ಅದುಮಿ ಹಿಡಿದಿರಲು, ಮಂಡಿಯಿಂದ ತಲೆಯವರೆಗೆ ದೇಹವನ್ನು ನೇರವಾಗಿಟ್ಟು, ಮುಂದಕ್ಕೆ ಬೀಳುವುದನ್ನು ತೊಡೆಯ ಹಿಂಬದಿಯ ಮಾಂಸಖಂಡಗಳಿಂದಲೇ ತಡೆಯುತ್ತ, ಆದಷ್ಟು ನಿಧಾನವಾಗಿ ನೆಲಕ್ಕಿಳಿಯಬೇಕು; ಕಡೆಯಲ್ಲಿ ಕೈಗಳನ್ನು ಊರಿಕೊಳ್ಳಬಹುದು. ಫುಟ್‌ಬಾಲ್ ಮುಂತಾದ ಆಟಗಳ ತಂಡಗಳಲ್ಲಿ ನಡೆದ ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದಾಗ, ಈ ಒಂದು ವ್ಯಾಯಾಮವನ್ನು ತರಬೇತಿಯಲ್ಲಿ ಸೇರಿಸಿಕೊಂಡ ತಂಡಗಳಲ್ಲಿ ಆ ಮಾಂಸಖಂಡಗಳ ಗಾಯಗಳು ಸುಮಾರು ಅರ್ಧಕ್ಕೆ ಇಳಿದುದು ಕಂಡುಬಂದಿದೆ. ಮೊದಲ ವಾರದಲ್ಲಿ ನಾಲ್ಕೈದು ಸಲಕ್ಕಿಂತ ಹೆಚ್ಚು ಮಾಡಬಾರದು; ಮರುದಿನ ತೊಡೆಯ ಹಿಂಭಾಗ ನೋಯುವುದು ಸಹಜ, ಆ ನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಆದರೆ ಚಳಕಿನಂತೆ ಥಟ್ಟನೆ ಬಂದ ನೋವಾಗಲಿ, ಕೀಲಿನೊಳಗಿನ ನೋವಾಗಲಿ, ಅಭ್ಯಾಸವನ್ನು ಆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕಾದ ನೋವು.

ಈ ಮಾತುಗಳು ಹುಡುಗರಿಗೆ ಮಾತ್ರವೆಂದು ಯಾರೂ ಭಾವಿಸದಿರಲಿ. ಮಳವಳ್ಳಿ ತಾಲ್ಲೂಕಿನ ನೆರೆಯಾದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಗ್ರಾಮದ ಚೈತ್ರಾ, 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಖೋ ಖೋ ಆಟದಲ್ಲಿ ಅಟ್ಟುವವಳು ಕುಕ್ಕುರುಗಾಲಿನಿಂದ ಚಿಮ್ಮಿ ಏಳಬೇಕು, ಓಡುವವಳನ್ನು ಮುಟ್ಟಲು ಕಂಬವನ್ನು ಒಂದು ಕೈಯಲ್ಲಿ ಹಿಡಿದು ಇಡೀ ದೇಹವನ್ನು ಗಾಳಿಯಲ್ಲಿ ಚಾಚಿ ನೆಲಕ್ಕೆ ಹಾರಬೇಕು. ಹಿಡಿದ ಕೈಯ ಭುಜ ಆಗ ಪೂರ್ಣವಾಗಿ ತೆರೆದಿರುತ್ತದೆ, ದೇಹದ ಭಾರವೂ ಅದರ ಮೇಲೆಯೇ ಇರುತ್ತದೆ. ಭಾರದ ಅಭ್ಯಾಸದಿಂದ ಹೆಣ್ಣುಮಕ್ಕಳ ಸೌಕುಮಾರ್ಯ ಕೆಡುವುದೆಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಆ ಮಾತಿಗೆ ಆಧಾರವಿಲ್ಲ. ಅದನ್ನು ನಂಬಿದುದರಿಂದ ಎಷ್ಟೋ ಹುಡುಗಿಯರ ಮಂಡಿಗಳು ಬಲವಿಲ್ಲದೆ ಗಾಯಗೊಂಡಿವೆ.

ಬಲ ನಮ್ಯತೆಗಳ ಸಂಯೋಗವು ಪರಾಕಾಷ್ಠೆಗೆ ಮುಟ್ಟುವುದು ಎಸೆತಗಳಲ್ಲಿ. 1983ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ತಂದೆಯವರಿಂದಲೇ ಮೊದಲ ಪಾಠಗಳನ್ನು ಕಲಿತ ವಿಕಾಸ್ ಗೌಡರು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 63.64 ಮೀಟರ್ ದೂರಕ್ಕೆ ಚಕ್ರವನ್ನೆಸೆದು ಚಿನ್ನದ ಪದಕವನ್ನು ಗಳಿಸಿದರು. 2 ಕಿಲೋಗ್ರಾಂ ತೂಕದ ಚಕ್ರ, 2.5 ಮೀಟರ್ ವ್ಯಾಸದ ವೃತ್ತ. ಅಷ್ಟರೊಳಗೆ ಎಸೆಯುವವನು ಒಂದೂವರೆ ಸುತ್ತು ತಿರುಗುವಾಗ ಟೊಂಕವು ಮುಂದೆ ಹೋಗಿ, ಭುಜಗಳು ಹಿಂದುಳಿದು, ಚಕ್ರವನ್ನು ಹಿಡಿದ ತೋಳು ಎಲ್ಲಕ್ಕಿಂತ ಹಿಂದೆ ಉಳಿಯುತ್ತದೆ. ಈ ತಿರುಚಿನಲ್ಲಿ ಪಕ್ಕೆ ಎದೆಗಳ ಮಾಂಸಖಂಡಗಳು ಮೊದಲು ಹಿಗ್ಗುತ್ತವೆ. ಹಿಗ್ಗಿದ ಕ್ಷಣವೇ ಸಂಕೋಚಗೊಂಡರೆ, ಸುಮ್ಮನೆ ಸಂಕೋಚಗೊಂಡಾಗ ದೊರೆಯುವುದಕ್ಕಿಂತ ಅಧಿಕವಾದ ಬಲ ದೊರೆಯುತ್ತದೆ. ಬಿಗಿದ ಮೈಯವನಿಗೆ ಈ ತಿರುಚು ಸಿಕ್ಕದು. ಬಲಹೀನನಿಗೆ ಸಿಕ್ಕಿದರೂ ಫಲಿಸದು.

ಕಡೆಯದಾಗಿ, ರೈತರ ಮಕ್ಕಳಾದ ಆಟಗಾರರಿಗೆ ಒಂದು ಮಾತು. ನಾಲೆಯಲ್ಲಿ ನೀರು ಬಿಟ್ಟು ನಾಟಿ ಪ್ರಾರಂಭವಾದ ಮೇಲೂ, ಕಬ್ಬು ಕಡಿಯುವ ಸರದಿ ಬಂದಾಗಲೂ ವಾರಗಟ್ಟಲೆ ಅಭ್ಯಾಸ ನಿಂತುಹೋಗುತ್ತದೆಂದೂ, ಗಳಿಸಿದುದೆಲ್ಲ ಕರಗಿಹೋಗುತ್ತದೆಂದೂ ಅವರು ಕೊರಗುವುದುಂಟು. ಬಲವನ್ನು ಗಳಿಸುವುದಕ್ಕೆ ಬೇಕಾಗುವಷ್ಟು ಶ್ರಮ ಅದನ್ನು ಉಳಿಸಿಕೊಳ್ಳುವುದಕ್ಕೆ ಬೇಕಾಗುವುದಿಲ್ಲ. ಹೊರುವ ಭಾರವನ್ನು ತಗ್ಗಿಸದೆ, ಇಳಿಯುವ ಆಳವನ್ನು ಕಡಿಮೆಮಾಡದೆ, ವಾರಕ್ಕೆ ಒಂದೇ ಒಂದು ದಿನ, ಅರ್ಧ ಗಂಟೆಯ ಕಾಲ, ಕೆಲವೇ ದಂಡಗಳನ್ನೂ ಚೀಲ ಹೊತ್ತ ಬಸ್ಕಿಗಳನ್ನೂ ಗೆಳೆಯನ ನೆರವಿನ ಆ ಒಂದು ವ್ಯಾಯಾಮವನ್ನೂ ಮಾಡಿಕೊಂಡು ಬಂದರೆ, ಆರಂಭದ ಹಂತವನ್ನು ದಾಟಿದ ಯುವಕನು ಎರಡು ಮೂರು ತಿಂಗಳ ಕಾಲ ತನ್ನ ಬಲವನ್ನು ಬಹುಮಟ್ಟಿಗೆ ಕಾಪಾಡಿಕೊಳ್ಳಬಲ್ಲನು. ನಾಟಿಯಿಂದ ಸೊಂಟ ಹಿಡಿದುಕೊಂಡಿರುವ ದಿನಗಳಲ್ಲಿ ಮಾತ್ರ ಮೊದಲು ದಂಡದ ಕಡೆಯ ಭಂಗಿಯಲ್ಲಿ, ಎದೆಯನ್ನೆತ್ತಿ ಬೆನ್ನನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಐದಾರು ದೀರ್ಘವಾದ ಉಸಿರುಗಳಷ್ಟು ಹೊತ್ತು ಇದ್ದು, ಆಮೇಲೆ ಚೀಲವನ್ನು ಎತ್ತಿಕೊಳ್ಳತಕ್ಕದ್ದು.